ಬೆತ್ತದ ಆಸನದ ಶಿಲ್ಪಿ

ನೆಲೋಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ತಂದೆಯವರ ಕಾಲದ ಸಾಗುವಾನಿಯ ಸೋಫಾ ಒಂದಿದೆ; ತಳಕ್ಕೂ ಬೆನ್ನಿಗೂ ಬೆತ್ತದ ಹೆಣಿಗೆ. ಕಲಬುರಗಿಯಲ್ಲಿ ಹೊಸದಾಗಿ ಮನೆಮಾಡಿರುವ ನನ್ನ ಮಗನಿಗೆ ಅದನ್ನು ಒಯ್ಯುವ ಆಸೆ. ಬೆತ್ತವನ್ನು ಕಿತ್ತು, ಫೋಮು ತುಂಬಿಸಿ, ರೆಕ್ಸಿನ್ ಹೊದಿಸಿದರೆ ಈ ಕಾಲದ ಕೋಣೆಗೆ ಒಪ್ಪುವುದೆಂಬುದು ಅವನ ಎಣಿಕೆ. ಬಡಿಗರನ್ನು ಕರೆಸಿದ ದಿನ ನನಗೆ ಪಿಯೆರ್ ಜೆನರೆಯವರ ನೆನಪಾಯಿತು.

ಅವರು ಜನಿಸಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಜಗತ್ಪ್ರಸಿದ್ಧ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಅವರ ದಾಯಾದಿ. 1922ರಿಂದ ಪ್ಯಾರಿಸಿನಲ್ಲಿ ಇಬ್ಬರೂ ಜೊತೆಯಾಗಿ ದುಡಿದರು. ಕೀರ್ತಿ ಮಾತ್ರ ಒಬ್ಬರ ಪಾಲಾಯಿತು. ಷಾರ್ಲಟ್ ಪೆರಿಯಾಂ ಎಂಬ ತರುಣಿ ಬಂದು ಸೇರಿದ ಮೇಲೆ, 1928ರಲ್ಲಿ, ಮೂವರೂ ಕೂಡಿ ಒಂದು ಆಸನವನ್ನು ಕಲ್ಪಿಸಿದರು. ಅದುವರೆಗಿನ ಸೋಫಾಗಳಲ್ಲಿ ಚೌಕಟ್ಟು ಬಟ್ಟೆಯ ಒಳಗೆ ಹೂತುಹೋಗುತ್ತಿತ್ತು. ಇವರು ಬಾಗಿಸಿದ ಉಕ್ಕಿನ ಕೊಳವೆಗಳ ಚೌಕಟ್ಟನ್ನು ಹೊರಗೆ ನಿಲ್ಲಿಸಿ, ಅದರೊಳಗೆ ಮೆತ್ತೆಗಳನ್ನು ಬಿಡಿಬಿಡಿಯಾಗಿ ಇಳಿಸಿದರು. 1965ರಲ್ಲಿ ಇಟಲಿಯ ಕಸೀನಾ ಸಂಸ್ಥೆ ಅದನ್ನು ತಯಾರಿಸತೊಡಗಿತು. ಇಂದಿಗೂ ಅದು ಹೊಸ ಬಣ್ಣ, ಹೊಸ ಬಟ್ಟೆಗಳಲ್ಲಿ ಮಾರಾಟವಾಗುತ್ತಿದೆ. ಎಲುಬು ಬೇರೆ, ಮಾಂಸ ಬೇರೆಯಾಗಿದ್ದುದರಿಂದಲೇ ಇದು ಸಾಧ್ಯವಾಯಿತೆಂದು ನನಗೆ ತೋರುತ್ತದೆ.

1951ರಲ್ಲಿ ಚಂಡೀಗಢವನ್ನು ಕಟ್ಟುವ ಕಾರ್ಯ ಅವರನ್ನು ಭಾರತಕ್ಕೆ ಕರೆತಂದಿತು. ಕಾರ್ಬುಸಿಯೆ ಆಗಾಗ ಬಂದು ಹೋಗುತ್ತಿದ್ದರು. ಜೆನರೆ ಅಲ್ಲಿಯೇ ನೆಲೆಸಿದರು, ಸುಮಾರು ಹದಿನಾಲ್ಕು ವರ್ಷ! ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಿಗೆಲ್ಲ ಸಾವಿರಾರು ಆಸನಗಳು ಬೇಕಾಗಿದ್ದವು. ಉಕ್ಕಿನ ಕೊಳವೆಯ ಹಟವನ್ನು ಅವರು ಇಲ್ಲಿ ಹಿಡಿಯಲಿಲ್ಲ. ಸಾಗುವಾನಿಯನ್ನೂ ಬೆತ್ತವನ್ನೂ ಆರಿಸಿಕೊಂಡು, ತಲೆಕೆಳಗಾದ ವಿ ಅಕ್ಷರದಂಥ ದಪ್ಪ ಕಾಲುಗಳನ್ನಿಟ್ಟು, ಇಲ್ಲಿನ ಬಡಿಗರ ಕೈಗೆ ಒಗ್ಗುವಂತೆ ಅವನ್ನು ರೂಪಿಸಿದರು. ಬೆತ್ತದ ಕಣ್ಣುಗಳಲ್ಲಿ ಗಾಳಿಯಾಡುತ್ತದೆ. ನಮ್ಮ ವೈಶಾಖದ ಬಿಸಿಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ವಂತ ಮನೆಗೆ ಬಿದಿರು, ಹಗ್ಗಗಳಿಂದಲೂ ಅವರು ಕುರ್ಚಿ ಮಾಡಿಕೊಂಡರಂತೆ. ದೊಡ್ಡ ನಗರವೊಂದನ್ನು ಕಟ್ಟುವವನು ಸಂಜೆ ಕುಳಿತು ಹಗ್ಗ ಬಿಗಿಯುವ ಆ ಚಿತ್ರ ನನಗೆ ಬಹು ಪ್ರಿಯವಾದುದು.

ಆರೋಗ್ಯ ಕೆಟ್ಟು 1965ರಲ್ಲಿ ಅವರು ತಾಯ್ನಾಡಿಗೆ ಮರಳಿದರು. 1967ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖನಾ ಸರೋವರದಲ್ಲಿ ವಿಸರ್ಜಿಸಲಾಯಿತು.

ಆಸನಗಳ ಗತಿ ಬೇರೆಯಾಯಿತು. ಹಳತಾದವೆಂದು ಕಚೇರಿಗಳು ಅವನ್ನು ಅಂಗಳದಲ್ಲಿ ರಾಶಿ ಹಾಕಿದವು, ಹರಾಜಿನಲ್ಲಿ ಅಗ್ಗಕ್ಕೆ ಕೊಟ್ಟವು. ವಿದೇಶದ ವರ್ತಕರು ಕೊಂಡೊಯ್ದು, ಉಜ್ಜಿ ಮೆರುಗುಕೊಟ್ಟು, ಲಕ್ಷಗಟ್ಟಲೆ ಬೆಲೆಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಮಾರಾಟವನ್ನು ತಡೆಯಿತಾದರೂ ಅಷ್ಟರಲ್ಲಿ ಬಹಳಷ್ಟು ಕೈಬಿಟ್ಟಿತ್ತು. 2019ರಲ್ಲಿ ಕಸೀನಾದವರು ಆ ಆಸನಗಳನ್ನು ಇಂದಿನ ಮನೆಗಳಿಗಾಗಿ ಮರಳಿ ತಯಾರಿಸಿದರು, ಬೆತ್ತವನ್ನು ಕೈಬಿಡಲಿಲ್ಲ.

ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಸುಲಭವಾಗಿ ಒಪ್ಪುವವನಲ್ಲ. ಕಡೆಗೆ ಬೆತ್ತ ಉಳಿಯಲಿ, ಮೇಲೆ ತೆಗೆದಿಡಬಹುದಾದ ಹತ್ತಿಯ ತೆಳು ಮೆತ್ತೆ ಇರಲಿ ಎಂದಾಯಿತು. ಆದರೆ ಅವನ ಮನೆಯ ಬಾಗಿಲು ಕಿರಿದು. ತೋಳುಗಳನ್ನು ಬಿಚ್ಚಿ ಜೋಡಿಸುವಂತೆ ಮಾಡಬೇಕೆಂದು ಬಡಿಗರು ಹೇಳುತ್ತಾರೆ. ತಂದೆಯವರು ಕೈಯೂರಿ ನುಣುಪಾದ ಆ ತೋಳಿಗೆ ಗರಗಸ ತಾಗುವುದನ್ನು ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಬೆತ್ತ ಹೆಣೆಯುವವರು ಮುಂದಿನ ವಾರ ಬರುತ್ತಾರೆ. ಅಲ್ಲಿಯವರೆಗೆ ಚೌಕಟ್ಟಿಗೆ ಎಣ್ಣೆ ಸವರಿ ಪಡಸಾಲೆಯ ಗೋಡೆಗೆ ಒರಗಿಸಿದ್ದೇನೆ.