ಆಲ್ಕ್ವಿನ್ ಪಂಡಿತನು

ಆಲ್ಕ್ವಿನನ ಹೆಸರು ನಮ್ಮ ವಾಚಕರಲ್ಲಿ ಕೆಲವರಿಗೆ ಶಾಲೆಯ ಚರಿತ್ರೆಯ ಪಾಠದಿಂದ ನೆನಪಿದ್ದೀತು. ಪಶ್ಚಿಮದ ರೋಮ್ ಸಾಮ್ರಾಜ್ಯವು ಅಳಿದು ಮುನ್ನೂರು ವರ್ಷಗಳಾಗುತ್ತ ಬಂದಿದ್ದ ಕಾಲವದು. ಪಶ್ಚಿಮ ಯುರೋಪಿನಲ್ಲಿ ಓದುಬರಹ ಬಲ್ಲವರು ಬಹುಮಟ್ಟಿಗೆ ಚರ್ಚಿನ ಪಾದ್ರಿಗಳು, ಮಠಗಳ ಸಂನ್ಯಾಸಿಗಳು. ಗ್ರಂಥಗಳಿದ್ದುದೂ ಹೆಚ್ಚಾಗಿ ಅವರಲ್ಲಿಯೇ.

ಆಲ್ಕ್ವಿನನು ಹುಟ್ಟಿದ್ದು ಸುಮಾರು 735ರಲ್ಲಿ, ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯಾ ರಾಜ್ಯದಲ್ಲಿ. ಬಾಲ್ಯದಲ್ಲಿಯೇ ಯಾರ್ಕ್ ನಗರದ ಚರ್ಚಿನ ಶಾಲೆಗೆ ಸೇರಿದನು. ಗುರು ಎಲ್ಬರ್ಟನಿಗೆ ಪುಸ್ತಕಗಳೆಂದರೆ ಪ್ರಾಣ. ಕಡಲು ದಾಟಿ ಹೋಗಿ ಗ್ರಂಥಗಳನ್ನು ಕೂಡಿಹಾಕಿದ ಆತನು ಕೊನೆಗೆ ಆ ಭಂಡಾರವನ್ನು ಶಿಷ್ಯನಿಗೇ ಒಪ್ಪಿಸಿ 780ರಲ್ಲಿ ತೀರಿಕೊಂಡನು.

ಮರುವರ್ಷ ರೋಮಿಗೆ ಹೋಗಿದ್ದ ಆಲ್ಕ್ವಿನನು ಇಟಲಿಯ ಪಾರ್ಮಾ ಪಟ್ಟಣದಲ್ಲಿ ಫ್ರಾಂಕರ ದೊರೆ ಷಾರ್ಲ್‌ಮೇನನನ್ನು ಕಂಡನು. ದೊರೆಯ ಒತ್ತಾಯಕ್ಕೆ ಒಪ್ಪಿ, ಐವತ್ತು ಸಮೀಪಿಸುತ್ತಿದ್ದ ವಯಸ್ಸಿನಲ್ಲಿ ಆಸ್ಥಾನದ ಗುರುವಾದನು. ದೊರೆಯೂ ಅವನಲ್ಲಿ ಪಾಠ ಕೇಳಿದನು. ಬರಹ ಕಲಿಯಬೇಕೆಂದು ದಿಂಬಿನ ಕೆಳಗೆ ಹಲಗೆಯಿಟ್ಟುಕೊಳ್ಳುತ್ತಿದ್ದನಂತೆ. ತಡವಾಗಿ ತೊಡಗಿದ್ದರಿಂದ ಕೈ ತಿರುಗಲಿಲ್ಲವೆಂದು ಅವನ ಚರಿತ್ರೆ ಬರೆದ ಐನ್‌ಹಾರ್ಡನು ತಿಳಿಸಿದ್ದಾನೆ. ಆದರೂ 789ರಲ್ಲಿ ಮಠಮಠದಲ್ಲಿಯೂ ಹುಡುಗರಿಗೆ ಶಾಲೆ ನಡೆಯಬೇಕೆಂದು ಆಜ್ಞೆ ಹೊರಡಿಸಿದವನು ಇದೇ ದೊರೆ. ಅದರ ಹಿಂದೆ ಆಲ್ಕ್ವಿನನಿದ್ದನೆಂದು ವಿದ್ವಾಂಸರು ಭಾವಿಸುತ್ತಾರೆ.

793ರಲ್ಲಿ ವೈಕಿಂಗ್ ಕಡಲುಗಳ್ಳರು ನಾರ್ತಂಬ್ರಿಯಾದ ಲಿಂಡಿಸ್‌ಫಾರ್ನ್ ಮಠವನ್ನು ಸೂರೆಮಾಡಿದರು. ದೂರದಲ್ಲಿದ್ದ ಆಲ್ಕ್ವಿನನು ನೊಂದು ತಾಯ್ನಾಡಿಗೆ ಓಲೆಗಳನ್ನು ಬರೆದನು. 796ರಲ್ಲಿ ದೊರೆ ಅವನನ್ನು ಫ್ರಾನ್ಸಿನ ಟೂರ್ ಪಟ್ಟಣದ ಸಂತ ಮಾರ್ಟಿನನ ಮಠಕ್ಕೆ ಅಧಿಪತಿಯನ್ನಾಗಿ ಮಾಡಿದನು. ಅಧಿಕಾರವೇನೋ ದೊಡ್ಡದು, ಆದರೆ ಊರಿನ ಪುಸ್ತಕಗಳು ಅಲ್ಲಿರಲಿಲ್ಲ. ಕೆಲವು ಶಿಷ್ಯರನ್ನು ಯಾರ್ಕಿಗೆ ಕಳುಹಿಸಿ ಗ್ರಂಥಗಳನ್ನು ತರಿಸಲು ಅಪ್ಪಣೆಯಾಗಬೇಕೆಂದು ದೊರೆಗೆ ಬಿನ್ನವಿಸಿಕೊಂಡನು. ಊರು ಬಿಟ್ಟು ಬಂದ ನಮಗೆ ಈ ಹಂಬಲವನ್ನು ಯಾರೂ ವಿವರಿಸಬೇಕಾಗಿಲ್ಲ.

ಟೂರಿನಲ್ಲಿ ಬರೆಹಗಾರರು ಚರ್ಮದ ಹಾಳೆಗಳ ಮೇಲೆ ಗ್ರಂಥಗಳನ್ನು ಪ್ರತಿಮಾಡುತ್ತಿದ್ದರು. ತಪ್ಪಿಲ್ಲದೆ, ವಿರಾಮಚಿಹ್ನೆ ಬಿಡದೆ ಬರೆಯಬೇಕೆಂಬುದು ಆಲ್ಕ್ವಿನನ ಹಟ; ದ್ರಾಕ್ಷಿತೋಟ ಅಗೆಯುವುದಕ್ಕಿಂತ ಈ ಕೆಲಸ ಮೇಲೆಂದು ಆತನು ಎಣಿಸಿದ್ದನು. ಬಳಸುತ್ತಿದ್ದುದು ದುಂಡಾದ, ಓದಲು ಸುಲಭವಾದ ಹೊಸ ಲಿಪಿ. ಇಂಗ್ಲಿಷ್ ಅಚ್ಚಿನ ಇಂದಿನ ಸಣ್ಣಕ್ಷರಗಳು ಅದರ ವಂಶದವು. ಅದನ್ನು ಆಲ್ಕ್ವಿನನೇ ನಿರ್ಮಿಸಿದನೆಂದು ನಾವೂ ಬಹುಕಾಲ ನಂಬಿದ್ದೆವು; ಅದು ಸರಿಯಲ್ಲ, ಲಿಪಿ ಅವನಿಗಿಂತ ಮೊದಲೇ ಮಠಗಳಲ್ಲಿ ರೂಪುಗೊಳ್ಳುತ್ತಿತ್ತು.

ತಾಯ್ನಾಡಿಗೆ ಮರಳದೆ 804ರ ಮೇ 19ರಂದು ಆಲ್ಕ್ವಿನನು ಟೂರಿನಲ್ಲಿಯೇ ಮಡಿದನು. 866ರಲ್ಲಿ ಯಾರ್ಕ್ ವೈಕಿಂಗರ ವಶವಾಯಿತು. ಎಲ್ಬರ್ಟನ ಭಂಡಾರ ಹೇಳಹೆಸರಿಲ್ಲದಂತಾಯಿತು. ಟೂರಿನಲ್ಲಿ ಮಾತ್ರ ಬರೆವಣಿಗೆ ನಿಲ್ಲಲಿಲ್ಲ. ಆಲ್ಕ್ವಿನನ ಅನಂತರದ ತಲೆಮಾರು ಅಲ್ಲಿ ಬರೆದ ಬೈಬಲೊಂದು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.