ತಾಯಂದಿರ ಬಂಧು ಸೆಮ್ಮೆಲ್‌ವೈಸ್

ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ಶಿಕ್ಷಣ ಪಡೆಯುತ್ತಿದ್ದರು. ಮೊದಲನೆಯದಕ್ಕೆ ತಮ್ಮನ್ನು ಸೇರಿಸಬಾರದೆಂದು ಬಡ ಗರ್ಭಿಣಿಯರು ಮೊಣಕಾಲೂರಿ ಬೇಡುತ್ತಿದ್ದರು. 1846ರಲ್ಲಿ ಅಲ್ಲಿಗೆ ಸಹಾಯಕ ವೈದ್ಯನಾಗಿ ಬಂದವನು ಇಗ್ನಾಜ್ ಸೆಮ್ಮೆಲ್‌ವೈಸ್. ಹಂಗೇರಿಯ ಬುಡಾ ಪಟ್ಟಣದಲ್ಲಿ 1818ರಲ್ಲಿ ಹುಟ್ಟಿದ ಆತ ದಿನಸಿ ವರ್ತಕನೊಬ್ಬನ ಮಗ.

ಆ ಹೆಂಗಸರ ಭಯ ಹುರುಳಿಲ್ಲದ್ದಲ್ಲವೆಂದು ಆಸ್ಪತ್ರೆಯ ದಫ್ತರಗಳೇ ಸಾರುತ್ತಿದ್ದವು. 1841ರಿಂದ 1846ರವರೆಗೆ ಮೊದಲನೆಯ ವಿಭಾಗದಲ್ಲಿ 20,042 ಹೆರಿಗೆಗಳಾಗಿ 1,989 ತಾಯಂದಿರು ಮಡಿದಿದ್ದರು. ಎರಡನೆಯದರಲ್ಲಿ 17,791 ಹೆರಿಗೆಗಳಿಗೆ 691 ಮಂದಿ. ಬಹುಪಾಲು ಸಾವುಗಳಿಗೆ ಬಾಣಂತಿ ನಂಜೇ ಕಾರಣ. ಕೆಟ್ಟ ಗಾಳಿಯಿಂದ, ಜನಸಂದಣಿಯಿಂದ ಅದು ಬರುತ್ತದೆಂದು ಹಿರಿಯ ವೈದ್ಯರು ನಂಬಿದ್ದರು. ಆದರೆ ಎರಡು ವಿಭಾಗಗಳಿಗೂ ಬೀಸುವ ಗಾಳಿ ಒಂದೇ. ಸಂದಣಿಯೋ ಎರಡನೆಯದರಲ್ಲಿಯೇ ಹೆಚ್ಚು!

1847ರ ಮಾರ್ಚಿಯಲ್ಲಿ ಆತನ ಮಿತ್ರ ಪ್ರಾಧ್ಯಾಪಕ ಕೊಲೆಟ್ಷ್ಕಾ ತೀರಿಕೊಂಡ. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಆತನ ಬೆರಳಿಗೆ ತಗುಲಿತ್ತು. ಅವನ ದೇಹದಲ್ಲಿ ಕಂಡ ವಿಕಾರಗಳು ನಂಜಿನಿಂದ ಸತ್ತ ಬಾಣಂತಿಯರಲ್ಲಿ ಕಂಡವುಗಳೇ ಆಗಿದ್ದವು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದ ಕೈಗಳಿಂದಲೇ ಹೆರಿಗೆಯ ಕೋಣೆಗೆ ಬರುತ್ತಿದ್ದರು; ಸೂಲಗಿತ್ತಿಯರಿಗೆ ಆ ಕೆಲಸವಿರಲಿಲ್ಲ. ಸೆಮ್ಮೆಲ್‌ವೈಸ್ 1784ರಷ್ಟು ಹಿಂದಿನ ಲೆಕ್ಕಗಳನ್ನೂ ಕೂಡಿಸಿ ನೋಡಿದ. ಇಂದು ಗಣಕಯಂತ್ರದಲ್ಲಿ ಸಂಗ್ರಹವಾದ ರೋಗಿಗಳ ದಾಖಲೆಗಳಿಂದ ಕ್ಷಣಮಾತ್ರದಲ್ಲಿ ದೊರೆಯುವ ಉತ್ತರವನ್ನು ಆತ ಹಾಳೆ ಹಾಳೆಯಾಗಿ ಹೆಕ್ಕಬೇಕಾಯಿತು. 1823ಕ್ಕೆ ಮೊದಲು ನೂರಕ್ಕೆ ಒಂದರ ಆಸುಪಾಸಿನಲ್ಲಿದ್ದ ಸಾವು, ಶವಪರೀಕ್ಷೆಯ ಅಧ್ಯಯನ ಬೆಳೆದ ಮೇಲೆ ಐದನ್ನು ಮೀರಿತ್ತು. ಶವಾಗಾರದಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವರಲ್ಲಿ ತಾನೂ ಒಬ್ಬನೆಂಬುದು ಆತನಿಗೆ ಗೊತ್ತಿತ್ತು. ತನ್ನ ಕೈಗಳೂ ತಾಯಂದಿರನ್ನು ಕೊಂದಿವೆಯೆಂಬುದನ್ನು ಆತ ಮುಚ್ಚಿಡಲಿಲ್ಲ. ಅಂಥ ಎದೆಗಾರಿಕೆ ವಿದ್ವಾಂಸರಲ್ಲಿ ವಿರಳ.

ಅದೇ ಮೇ ತಿಂಗಳ ನಡುವಿನಿಂದ ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯದೆ ಯಾರೂ ಗರ್ಭಿಣಿಯನ್ನು ಮುಟ್ಟುವಂತಿರಲಿಲ್ಲ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನ ವೇಳೆಗೆ ಸುಮಾರು ಎರಡಕ್ಕೆ ಇಳಿಯಿತು. 1848ರ ಮಾರ್ಚಿಯಲ್ಲಿ ಮೊದಲನೆಯ ವಿಭಾಗದ ದಫ್ತರದಲ್ಲಿ ಒಬ್ಬ ಬಾಣಂತಿಯ ಸಾವೂ ದಾಖಲಾಗಲಿಲ್ಲ.

ಆದರೂ ಮೇಲಧಿಕಾರಿಗಳು ಒಪ್ಪಲಿಲ್ಲ. 1849ರಲ್ಲಿ ಆತನ ಹುದ್ದೆ ಮುಂದುವರಿಯಲಿಲ್ಲ. ಮರುವರ್ಷ ಆತ ಹಂಗೇರಿಯ ಪೆಸ್ಟ್ ನಗರಕ್ಕೆ ಹಿಂದಿರುಗಿದ. ತನ್ನ ಅಂಕಿಅಂಶಗಳನ್ನು ಗ್ರಂಥರೂಪದಲ್ಲಿ ಹೊರತರಲು 1861ರವರೆಗೆ ತಡಮಾಡಿದ್ದು ಆತನ ವಾದಕ್ಕೆ ಹಾನಿಯನ್ನೇ ಮಾಡಿತು. ಹಲವು ಪ್ರಾಧ್ಯಾಪಕರು ಅದನ್ನು ಅಲ್ಲಗಳೆದರು. ಆತನೂ ಅವರಿಗೆ ಬಹಿರಂಗ ಪತ್ರಗಳಲ್ಲಿ ಕಟುವಾಗಿ ಉತ್ತರಿಸಿದ. ಕಡೆಗೆ ಮನಸ್ಸು ಕದಡಿತು. 1865ರ ಜುಲೈಯಲ್ಲಿ ಆತನನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಗಾಯದಿಂದ ರಕ್ತಕ್ಕೆ ನಂಜೇರಿ ಆತ ಅಲ್ಲಿಯೇ ಕೊನೆಯುಸಿರೆಳೆದ.