ಜಾನ್ ವಿಲ್ಕ್ಸ್: ಚುನಾವಣೆ, ಪತ್ರಿಕೆ ಮತ್ತು ಸುದ್ದಿಯ ವಿಶ್ವಾಸಾರ್ಹತೆ

ಚುನಾವಣೆಯ ಕಾಲದಲ್ಲಿ ಸುದ್ದಿಯನ್ನು ಹೇಳುವ ಅಧಿಕಾರ ಯಾರದು, ಹೇಳಿದ ಸುದ್ದಿಯನ್ನು ಜನ ಯಾವ ಆಧಾರದ ಮೇಲೆ ನಂಬಬೇಕು ಎಂಬ ಪ್ರಶ್ನೆಯನ್ನು ವಿದ್ಯುನ್ಮಾನ ಮಾಧ್ಯಮಗಳ ಯುಗದ ಪ್ರಶ್ನೆಯೆಂದು ಭಾವಿಸುವುದು ವಾಡಿಕೆಯಾಗಿದೆ. ವೃತ್ತಿನಿರತ ಪತ್ರಕರ್ತನಲ್ಲದ ನಾಗರಿಕ ತಾನೇ ಸುದ್ದಿಗಾರನಾಗುವ ವಿದ್ಯಮಾನಕ್ಕೆ ನಾಗರಿಕ ಪತ್ರಿಕೋದ್ಯಮವೆಂಬ ಹೆಸರು ಬಂದದ್ದು ಈಚೆಗಾದರೂ ವಿದ್ಯಮಾನ ಮಾತ್ರ ಹಳೆಯದು. 1768ರ ಬ್ರಿಟಿಷ್ ಸಾರ್ವತ್ರಿಕ ಚುನಾವಣೆ ಮತ್ತು ಅದರ ಬೆನ್ನಿಗೆ ನಡೆದ ಸಂಘರ್ಷಗಳು ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿವೆ. ಅವುಗಳ ಕೇಂದ್ರದಲ್ಲಿದ್ದವನು ಜಾನ್ ವಿಲ್ಕ್ಸ್ (1725–1797). ಅಭಿಮಾನಿಗಳು ಈತನನ್ನು ಸ್ವಾತಂತ್ರ್ಯವೀರನೆಂದು ಕೊಂಡಾಡಿದರು. ವಿರೋಧಿಗಳು ಪುಂಡನೆಂದು ಹಳಿದರು. ಎರಡಕ್ಕೂ ಆತನ ಬದುಕಿನಲ್ಲಿ ಧಾರಾಳವಾಗಿ ಆಧಾರಗಳಿವೆ. ವಿಲ್ಕ್ಸ್ ಬರೆದುದರಲ್ಲಿ ಎಷ್ಟೋ ಭಾಗ ನಂಬಿಕೆಗೆ ಅರ್ಹವಾಗಿರಲಿಲ್ಲ. ಹಾಗಿದ್ದೂ ಶಾಸನಸಭೆಯ ಕಲಾಪವನ್ನು ಓದುಗರು ತಾವೇ ತೂಗಿ ನೋಡಬಹುದಾದ ವರದಿಗಾರಿಕೆಗೆ ದಾರಿಯಾದದ್ದು ಆತನ ಜಗಳವೇ. ಈ ವೈರುಧ್ಯವನ್ನು ಬಿಟ್ಟು ಆತನ ಚರಿತ್ರೆಯನ್ನು ಹೇಳುವಂತಿಲ್ಲ.

ವಿಲ್ಕ್ಸ್ ಹುಟ್ಟಿದ್ದು ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ. ತಂದೆ ಮದ್ಯದ ಭಟ್ಟಿಯ ಉದ್ಯಮಿ. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಓದಿ ಮರಳಿದ ಮೇಲೆ 1747ರಲ್ಲಿ ತನಗಿಂತ ಹಿರಿಯಳಾದ ಶ್ರೀಮಂತ ಮನೆತನದ ಮೇರಿ ಮೀಡ್‌ಳನ್ನು ಮದುವೆಯಾದನು. ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಮಗಳು ಪಾಲಿಯ ಮೇಲಿನ ಮಮತೆ ಮಾತ್ರ ಕೊನೆಯತನಕ ಉಳಿಯಿತು. ವಿಲಾಸ, ಸಾಲ, ಮಾತಿನ ಚಾತುರ್ಯ ಇವು ಆತನ ಹೆಸರಿನೊಡನೆ ಅಂಟಿಕೊಂಡೇ ಬಂದವು. 1754ರಲ್ಲಿ ಬೆರಿಕ್ ಕ್ಷೇತ್ರದಲ್ಲಿ ಸೋತನು. 1757ರಲ್ಲಿ ಸುಮಾರು 7,000 ಪೌಂಡು ಚೆಲ್ಲಿ ಐಲ್ಸ್‌ಬರಿಯಿಂದ ಕಾಮನ್ಸ್ ಸಭೆಯನ್ನು ಪ್ರವೇಶಿಸಿದನು. ಮತವನ್ನು ಕೊಳ್ಳುವ ಅಂದಿನ ಪದ್ಧತಿಯ ಫಲಾನುಭವಿಯಾಗಿಯೇ ಆತನ ರಾಜಕೀಯ ಜೀವನ ಆರಂಭವಾಯಿತೆಂಬುದನ್ನು ಮರೆಯಲಾಗದು.

1762ರಲ್ಲಿ ಅರಸ ಮೂರನೆಯ ಜಾರ್ಜ್‌ನ ಮೆಚ್ಚಿನ ಲಾರ್ಡ್ ಬ್ಯೂಟ್ ಪ್ರಧಾನಿಯಾದನು. ಆತನ ಪರವಾಗಿ ಕಾದಂಬರಿಕಾರ ಸ್ಮಾಲೆಟ್‌ನ ಸಂಪಾದಕತ್ವದಲ್ಲಿ ‘ದಿ ಬ್ರಿಟನ್’ ಎಂಬ ಪತ್ರಿಕೆ ಹೊರಟಿತು. ಅದಕ್ಕೆ ಎದುರಾಗಿ ವಿಲ್ಕ್ಸ್ ಮತ್ತು ಕವಿ ಚಾರ್ಲ್ಸ್ ಚರ್ಚಿಲ್ ಜೂನ್ 5ರಂದು ‘ದಿ ನಾರ್ತ್ ಬ್ರಿಟನ್’ ಆರಂಭಿಸಿದರು. ಹೆಸರೇ ಸ್ಕಾಟ್ಲೆಂಡಿನವನಾದ ಬ್ಯೂಟ್‌ನ ಅಣಕ. ಪತ್ರಿಕೆಯ ಬರಹಗಳಿಗೆ ಲೇಖಕರ ಅಂಕಿತವಿರುತ್ತಿರಲಿಲ್ಲ. ಸ್ಕಾಟ್ ಜನರ ಮೇಲಿನ ದ್ವೇಷವನ್ನು ಅದು ಬಂಡವಾಳ ಮಾಡಿಕೊಂಡಿತು; ಬ್ಯೂಟ್‌ಗೂ ಅರಸನ ತಾಯಿಗೂ ಸಂಬಂಧ ಕಲ್ಪಿಸುವ ಗಾಳಿಮಾತಿಗೆ ಆಧಾರವಿಲ್ಲದೆಯೇ ಇಂಬು ನೀಡಿತು. ಇಂಥ ಬರಹಕ್ಕೆ ಓದುಗರು ದೊರೆತದ್ದೇಕೆ? ಸರಕಾರದ ಹಣದಿಂದ ನಡೆಯುವ ಪತ್ರಿಕೆಯ ಮಾತನ್ನು ಜನ ಅದಾಗಲೇ ನಂಬುವುದನ್ನು ಬಿಟ್ಟಿದ್ದರು. ಅಧಿಕೃತ ಸುದ್ದಿ ಬಾಡಿಗೆಯದೆಂದು ತಿಳಿದಾಗ ಅನಧಿಕೃತವಾದದ್ದಕ್ಕೆ ತಾನಾಗಿಯೇ ಸತ್ಯದ ಹೊಳಪು ಬರುತ್ತದೆ.

1763ರ ಏಪ್ರಿಲ್ 23ರ 45ನೆಯ ಸಂಚಿಕೆ ಪಾರ್ಲಿಮೆಂಟಿನಲ್ಲಿ ಅರಸನು ಓದಿದ ಭಾಷಣವನ್ನು ಖಂಡಿಸಿತು. ಭಾಷಣ ಅರಸನದಲ್ಲ, ಮಂತ್ರಿಗಳದು. ಆದುದರಿಂದ ಟೀಕೆಗೆ ಹೊರತಲ್ಲ ಎಂಬುದು ಅದರ ವಾದ. ಕಾರ್ಯದರ್ಶಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಯಾರ ಹೆಸರೂ ಇಲ್ಲದ ಸಾಮಾನ್ಯ ವಾರಂಟನ್ನು ಹೊರಡಿಸಿದನು. ಲೇಖಕರು, ಮುದ್ರಕರು, ಪ್ರಕಾಶಕರು ಯಾರೇ ಇರಲಿ, ಹಿಡಿದು ತರಬೇಕೆಂಬುದು ಆಜ್ಞೆ. 49 ಮಂದಿ ಸೆರೆಯಾದರು. ಇವರಲ್ಲಿ ಹೆಚ್ಚಿನವರು ಅಚ್ಚುಮೊಳೆ ಜೋಡಿಸುವ, ಮುದ್ರಿಸುವ ಕೆಲಸಗಾರರು. ವಿಲ್ಕ್ಸ್‌ನನ್ನು ಲಂಡನ್ ಟವರ್‌ನಲ್ಲಿಡಲಾಯಿತು; ಸದಸ್ಯತ್ವದ ಹಕ್ಕುಬಾಧ್ಯತೆಯ ಆಧಾರದ ಮೇಲೆ ಮುಖ್ಯ ನ್ಯಾಯಾಧೀಶ ಪ್ರಾಟ್ ಬಿಡುಗಡೆ ಮಾಡಿದನು. ಕೆಲಸಗಾರರೂ ವಿಲ್ಕ್ಸ್‌ನೂ ಹೂಡಿದ ದಾವೆಗಳಲ್ಲಿ ಜ್ಯೂರಿಗಳು ಪರಿಹಾರ ಕೊಡಿಸಿದವು. ಸಾಮಾನ್ಯ ವಾರಂಟು ಕಾನೂನುಬಾಹಿರವೆಂಬ ತತ್ತ್ವ ನೆಲೆಗೊಂಡದ್ದು ಈ ಮೊಕದ್ದಮೆಗಳಿಂದ. ಚರಿತ್ರೆಯಲ್ಲಿ ಉಳಿದದ್ದು ವಿಲ್ಕ್ಸ್‌ನ ಹೆಸರಾದರೂ ಮೊದಲು ದಾವೆ ಗೆದ್ದವರು ಮುದ್ರಣಾಲಯದ ಕೆಲಸಗಾರರೆಂಬುದು ಗಮನಾರ್ಹ.

ಪ್ರಭುತ್ವ ಬೇರೆ ದಾರಿ ಹಿಡಿಯಿತು. ಖಾಸಗಿಯಾಗಿ ಅಚ್ಚುಹಾಕಿಸಿದ್ದ ಒಂದು ಅಶ್ಲೀಲ ವಿಡಂಬನ ಕಾವ್ಯವನ್ನು ಲಾರ್ಡ್ಸ್ ಸಭೆಯಲ್ಲಿ ಓದಿಸಲಾಯಿತು. ದ್ವಂದ್ವಯುದ್ಧವೊಂದರಲ್ಲಿ ಗಾಯಗೊಂಡ ವಿಲ್ಕ್ಸ್ 1763ರ ಕೊನೆಗೆ ಪ್ಯಾರಿಸ್ಸಿಗೆ ಓಡಿಹೋದನು. 1764ರಲ್ಲಿ ಸಭೆಯಿಂದ ಉಚ್ಚಾಟನೆ, ಗೈರುಹಾಜರಿಯಲ್ಲಿ ಅಪರಾಧ ನಿರ್ಣಯ, ಕಾನೂನಿನ ರಕ್ಷಣೆಯಿಂದ ಬಹಿಷ್ಕಾರ ಒಂದರ ಮೇಲೊಂದು ನಡೆದವು.

ನಾಲ್ಕು ವರ್ಷಗಳ ನಂತರ, 1768ರ ಸಾರ್ವತ್ರಿಕ ಚುನಾವಣೆಗೆ ಆತ ಸಾಲಗಾರನಾಗಿಯೇ ಮರಳಿದನು. ಲಂಡನ್ ನಗರಕ್ಷೇತ್ರದಲ್ಲಿ ಎಲ್ಲರಿಗಿಂತ ಕೊನೆಯವನಾಗಿ ಸೋತ ಕೆಲವೇ ದಿನಗಳಲ್ಲಿ ಮಿಡ್ಲ್‌ಸೆಕ್ಸ್‌ನಲ್ಲಿ ಸ್ಪರ್ಧಿಸಿದನು. ವರ್ಷಕ್ಕೆ 40 ಷಿಲಿಂಗ್ ಆದಾಯದ ಸ್ವಂತ ಜಮೀನುಳ್ಳವರಿಗೆ ಅಲ್ಲಿ ಮತವಿತ್ತು. ಮತವನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಿ ಬರೆಯಿಸಬೇಕಿತ್ತು. ಗುಪ್ತ ಮತದಾನ ಬ್ರಿಟನ್ನಿಗೆ ಬಂದದ್ದು 1872ರಲ್ಲಿ. ಮಾರ್ಚ್ 28ರಂದು ಬ್ರೆಂಟ್‌ಫರ್ಡ್‌ನಲ್ಲಿ ವಿಲ್ಕ್ಸ್‌ಗೆ 1,292, ಕುಕ್‌ಗೆ 827, ಪ್ರಾಕ್ಟರ್‌ಗೆ 807 ಮತಗಳು ಬಂದವು. ಎರಡು ಸ್ಥಾನಗಳ ಆ ಕ್ಷೇತ್ರದಲ್ಲಿ ಸೋತವನು ಪ್ರಾಕ್ಟರ್.

ಮತವಿಲ್ಲದ ಬಹುಸಂಖ್ಯಾತರು ಈ ಚುನಾವಣೆಯಲ್ಲಿ ಭಾಗವಹಿಸಿದ ಬಗೆ ವಿಶಿಷ್ಟವಾದುದು. ಕರಪತ್ರ, ಲಾವಣಿ, ವ್ಯಂಗ್ಯಚಿತ್ರಗಳು ಬೀದಿ ಬೀದಿಯಲ್ಲಿ ಹರಿದಾಡಿದವು. ಓದುಬರಹ ಬಾರದವನೂ ಬರೆಯಬಹುದಾದ ಒಂದು ಸಂಕೇತವಿತ್ತು: 45 ಎಂಬ ಅಂಕಿ. ಸೀಮೆಸುಣ್ಣದಿಂದ ಅದನ್ನು ಬಾಗಿಲುಗಳ ಮೇಲೆ, ಗಾಡಿಗಳ ಮೇಲೆ ಬರೆಯಲಾಯಿತು. ಆಸ್ಟ್ರಿಯದ ರಾಯಭಾರಿಯನ್ನು ಗಾಡಿಯಿಂದ ಇಳಿಸಿ ಆತನ ಬೂಟಿನ ಅಟ್ಟೆಗೂ ಬರೆದರು. ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ 64 ಮೈಲಿ ದೂರದ ವಿಂಚೆಸ್ಟರ್‌ವರೆಗೂ ದಾರಿಯುದ್ದಕ್ಕೆ ಅಲ್ಲಲ್ಲಿ ಈ ಅಂಕಿಯನ್ನು ಕಂಡುದಾಗಿ ಮಗನಿಗೆ ಬರೆದಿದ್ದಾನೆ. ಇದನ್ನು ಜನಾಭಿಪ್ರಾಯದ ನೇರ ದಾಖಲೆಯೆಂದು ಓದುವವರಿದ್ದಾರೆ. ಆದರೆ ದೀಪ ಹಚ್ಚಿ ಸಂತೋಷ ತೋರಿಸದ ಮನೆಗಳ ಕಿಟಕಿಗಾಜುಗಳನ್ನು ಗುಂಪು ಒಡೆದುಹಾಕುತ್ತಿದ್ದ ದಿನಗಳವು. ಬಾಗಿಲ ಮೇಲಿನ ಅಂಕಿ ಎಷ್ಟೋ ಕಡೆ ಮನೆಯವರ ಒಪ್ಪಿಗೆಯನ್ನಲ್ಲ, ಅಂಜಿಕೆಯನ್ನು ಹೇಳುತ್ತಿದ್ದಿರಬಹುದು. ಬೀದಿಯ ಸುದ್ದಿಯನ್ನು ಆಕರವಾಗಿ ಬಳಸುವ ಸಂಶೋಧಕರು ಈ ತೊಡಕನ್ನು ಕಡೆಗಣಿಸುವಂತಿಲ್ಲ.

ಗೆದ್ದ ಅಭ್ಯರ್ಥಿ ಹಳೆಯ ಮೊಕದ್ದಮೆಗಳಿಗಾಗಿ ಸೆರೆಮನೆ ಸೇರಿದನು. ಒಟ್ಟು 22 ತಿಂಗಳ ಸೆರೆ, 1,000 ಪೌಂಡ್ ದಂಡ. ಶಿಕ್ಷೆ ಹೊರಬೀಳುವ ಮೊದಲೇ, 1768ರ ಮೇ 10ರಂದು, ಸೆರೆಮನೆಯ ಬಳಿಯ ಸೇಂಟ್ ಜಾರ್ಜಸ್ ಬಯಲಿನಲ್ಲಿ ನೆರೆದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು, ಹಲವರು ಸತ್ತರು. ಅದೇ ವರ್ಷದ ಡಿಸೆಂಬರಿನಲ್ಲಿ ವಿಲ್ಕ್ಸ್ ಒಂದು ಕಾಗದವನ್ನು ಪತ್ರಿಕೆಯಲ್ಲಿ ಪ್ರಕಟಿಸಿದನು. ಗಲಭೆಗಳನ್ನು ಹತ್ತಿಕ್ಕಲು ಸೈನ್ಯವನ್ನು ಕರೆಯಿಸಿಕೊಳ್ಳಲು ಹಿಂಜರಿಯಬಾರದೆಂದು ಕಾರ್ಯದರ್ಶಿ ಲಾರ್ಡ್ ವೇಮತ್ ಏಪ್ರಿಲ್ 17ರಂದೇ ಮ್ಯಾಜಿಸ್ಟ್ರೇಟರಿಗೆ ಬರೆದದ್ದು ಅದು. ಹತ್ಯಾಕಾಂಡ ಮೊದಲೇ ಯೋಜಿತವಾಗಿತ್ತೆಂಬ ಪೀಠಿಕೆಯನ್ನು ಆತ ಅದಕ್ಕೆ ಸೇರಿಸಿದನು. ಕಾಗದ ನಿಜವಾದದ್ದು, ಪೀಠಿಕೆಯ ಆರೋಪವನ್ನು ಕಾಗದ ಸಾಬೀತುಪಡಿಸುವುದಿಲ್ಲ. ವಿಲ್ಕ್ಸ್‌ನ ಪತ್ರಿಕಾಧರ್ಮದ ಶಕ್ತಿ ಮತ್ತು ದೋಷ ಎರಡೂ ಈ ಒಂದು ಪ್ರಕಟಣೆಯಲ್ಲಿ ಸಿಗುತ್ತವೆ. ಆದರೂ ಮೂಲ ಕಾಗದವನ್ನೇ ಅಚ್ಚುಮಾಡಿದ್ದರಿಂದ ಪೀಠಿಕೆಯನ್ನು ಒಪ್ಪದಿರುವ ಅವಕಾಶ ಓದುಗನಿಗೆ ಉಳಿಯಿತು. ನಾರ್ತ್ ಬ್ರಿಟನ್ನಿನ ಗಾಳಿಮಾತುಗಳಲ್ಲಿ ಆ ಅವಕಾಶವಿರಲಿಲ್ಲ.

ಇದನ್ನೂ ಒಂದು ಕಾರಣ ಮಾಡಿಕೊಂಡು 1769ರ ಫೆಬ್ರುವರಿ 3ರಂದು ಸಭೆ ಆತನನ್ನು ಉಚ್ಚಾಟಿಸಿತು. ಮಿಡ್ಲ್‌ಸೆಕ್ಸ್ ಮತದಾರರು ಫೆಬ್ರುವರಿಯಲ್ಲಿ ಮತ್ತೆ ಆರಿಸಿದರು, ಮಾರ್ಚ್‌ನಲ್ಲಿ ಮತ್ತೂ ಆರಿಸಿದರು. ಏಪ್ರಿಲ್‌ನಲ್ಲಿ ಹೆನ್ರಿ ಲಟ್ರೆಲ್‌ಗೆ 296, ವಿಲ್ಕ್ಸ್‌ಗೆ 1,143 ಮತಗಳು ಬಿದ್ದವು. ಸಭೆ ಲಟ್ರೆಲ್ ಗೆದ್ದನೆಂದು ಸಾರಿತು. ಸಭೆಯ ನಡೆಯನ್ನು ಸಮರ್ಥಿಸಿ 1770ರಲ್ಲಿ ಕಿರುಹೊತ್ತಗೆ ಬರೆದವನು ಡಾ. ಸ್ಯಾಮ್ಯುಯಲ್ ಜಾನ್ಸನ್. ವಿರೋಧಿಸಿ ಬರೆದವರಲ್ಲಿ ಅಗ್ರಗಣ್ಯನು ಜೂನಿಯಸ್ ಎಂಬ ಗುಪ್ತನಾಮದವನು. ಆತನು ಫಿಲಿಪ್ ಫ್ರಾನ್ಸಿಸ್ ಎಂಬುದು ಬಹುಮಂದಿ ವಿದ್ವಾಂಸರ ಅಭಿಮತ.

ಜಾನ್ಸನ್‌ನ ಹೆಸರು ಇಲ್ಲಿ ಇನ್ನೊಂದು ಕಾರಣಕ್ಕೆ ಪ್ರಸ್ತುತ. ಸಭೆಯ ಚರ್ಚೆಗಳನ್ನು ಪ್ರಕಟಿಸುವುದು ಹಕ್ಕುಚ್ಯುತಿಯೆಂದು ಕಾಮನ್ಸ್ ಸಭೆ 1738ರಲ್ಲಿ ನಿರ್ಣಯಿಸಿತ್ತು. ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಆಗ ಚರ್ಚೆಗಳನ್ನು ಲಿಲಿಪುಟ್ ದೇಶದ ಸಭೆಯವೆಂಬ ಸೋಗಿನಲ್ಲಿ ಅಚ್ಚುಮಾಡತೊಡಗಿತು. 1741ರಿಂದ ಸುಮಾರು ಮೂರು ವರ್ಷ ಅವನ್ನು ಬರೆದವನು ಜಾನ್ಸನ್; ಹೆಚ್ಚಿನ ಪಾಲು ಅಲ್ಪಸ್ವಲ್ಪ ಟಿಪ್ಪಣಿಯಿಂದ ಕಲ್ಪಿಸಿ ಬರೆದದ್ದು. ಓದುಗರು ನಿಜವಾದ ಭಾಷಣಗಳೆಂದೇ ನಂಬಿದರು. ನಿಷೇಧವು ಸುದ್ದಿಯನ್ನು ತಡೆಯಲಿಲ್ಲ, ಸುದ್ದಿಯ ಜಾಗದಲ್ಲಿ ಸಾಹಿತ್ಯವನ್ನು ತಂದಿರಿಸಿತು.

1768ರ ನಂತರ ಪುಸ್ತಕ ವ್ಯಾಪಾರಿ ಜಾನ್ ಆಲ್ಮನ್ ಸದಸ್ಯರಿಂದ ಕೇಳಿ ತಿಳಿದುದನ್ನು ಪತ್ರಿಕೆಗೆ ಕೊಡತೊಡಗಿದನು. ಉಳಿದ ಪತ್ರಿಕೆಗಳೂ ಅದೇ ಜಾಡು ಹಿಡಿದವು. 1771ರ ಆರಂಭದಲ್ಲಿ ಸಭೆ ಮುದ್ರಕರಾದ ವೆಬಲ್ ಮತ್ತು ಥಾಮ್ಸನ್‌ರ ಬಂಧನಕ್ಕೆ ಆಜ್ಞೆಯಿತ್ತಿತು. ಹಿಡಿದುಕೊಟ್ಟವರಿಗೆ ತಲಾ 50 ಪೌಂಡ್ ಇನಾಮು ಘೋಷಣೆಯಾಯಿತು. ಸೆರೆಯಿಂದ ಹೊರಬಂದು ಲಂಡನ್ ನಗರದ ಆಲ್ಡರ್‌ಮನ್ ಆಗಿದ್ದ ವಿಲ್ಕ್ಸ್ ಇಲ್ಲಿ ತನ್ನ ಜಾಣತನವನ್ನೆಲ್ಲ ಬಳಸಿದನು. ನಗರದ ಎಲ್ಲೆಯೊಳಗೆ ನಗರದ ಅಧಿಕಾರಿಗಳಲ್ಲದೆ ಬೇರೆಯವರು ಬಂಧಿಸುವಂತಿಲ್ಲವೆಂಬ ಹಳೆಯ ಸನ್ನದಿನ ಹಕ್ಕೇ ಆಯುಧ. ಮಾರ್ಚ್ 15ರಂದು ವೆಬಲ್‌ನನ್ನು ಮುದ್ರಣವೃತ್ತಿಯ ಗೆಳೆಯನೊಬ್ಬನೇ ‘ಹಿಡಿದು’ ವಿಲ್ಕ್ಸ್‌ನ ಮುಂದೆ ತಂದನು. ಬಂಧನ ಅಕ್ರಮವೆಂದು ವಿಲ್ಕ್ಸ್ ಬಿಟ್ಟುಬಿಟ್ಟನು. ಮಿಲ್ಲರ್ ಎಂಬ ಮುದ್ರಕನನ್ನು ಮನೆಯಲ್ಲಿ ಹಿಡಿಯಬಂದ ಸಭೆಯ ದೂತನೇ ಹಲ್ಲೆಯ ಆರೋಪಿಯಾಗಿ ಮೇಯರ್ ಬ್ರಾಸ್ ಕ್ರಾಸ್ಬಿಯ ಎದುರು ನಿಲ್ಲಬೇಕಾಯಿತು. ಎಲ್ಲವೂ ಮೊದಲೇ ಹೂಡಿದ ನಾಟಕವೆಂಬುದರಲ್ಲಿ ಸಂಶಯವಿಲ್ಲ. ಕ್ರಾಸ್ಬಿ ಮತ್ತು ಆಲ್ಡರ್‌ಮನ್ ರಿಚರ್ಡ್ ಆಲಿವರ್ ಟವರ್‌ಗೆ ಹೋದರು. ವಿಲ್ಕ್ಸ್‌ನನ್ನು ಏಪ್ರಿಲ್ 8ಕ್ಕೆ ಕರೆಸಿದ ಸಭೆ ಆತ ಬಂದರೆ ಏನು ಮಾಡುವುದೆಂದು ತೋಚದೆ 9ನೆಯ ತಾರೀಖಿಗೆ ಮುಂದೂಡಿಕೊಂಡಿತು. ಹಳೆಯ ನಿರ್ಣಯ ಕಡತದಲ್ಲಿ ಉಳಿದರೂ ವರದಿಗಳು ನಿಲ್ಲಲಿಲ್ಲ.

ನಂಬಿಕೆ ಬೆಳೆದದ್ದು ಆಮೇಲಿನ ದೈನಂದಿನ ದುಡಿಮೆಯಿಂದ. ‘ಮಾರ್ನಿಂಗ್ ಕ್ರಾನಿಕಲ್’ನ ವಿಲಿಯಂ ವುಡ್‌ಫಾಲ್ ಗ್ಯಾಲರಿಯಲ್ಲಿ ಕುಳಿತು, ಟಿಪ್ಪಣಿಗೆ ಅವಕಾಶವಿಲ್ಲದಿದ್ದರೂ ಗಂಟೆಗಟ್ಟಲೆ ಕೇಳಿ, ನೆನಪಿನಿಂದಲೇ ಚರ್ಚೆಗಳನ್ನು ಬರೆಯುತ್ತಿದ್ದನು. ಒಂದೇ ಚರ್ಚೆಯನ್ನು ಹಲವು ಪತ್ರಿಕೆಗಳು ಅಚ್ಚುಮಾಡಿದಾಗ ಓದುಗರು ಒಂದನ್ನು ಇನ್ನೊಂದರೊಡನೆ ಹೋಲಿಸಬಹುದಾಯಿತು. ವಿಲ್ಕ್ಸ್ ತಾನಾಗಿ ಎಂದೂ ಗಳಿಸದ ವಿಶ್ವಾಸವನ್ನು ಗಳಿಸಿದವರು ಇಂಥವರು.

1774ರಲ್ಲಿ ವಿಲ್ಕ್ಸ್ ಲಂಡನ್ನಿನ ಮೇಯರ್ ಆದನು; ಅದೇ ವರ್ಷ ಮಿಡ್ಲ್‌ಸೆಕ್ಸ್‌ನಿಂದ ಗೆದ್ದಾಗ ಸಭೆ ತಕರಾರಿಲ್ಲದೆ ಒಳಗೆ ಬಿಟ್ಟಿತು. 1776ರಲ್ಲಿ ಬಡ ಕೂಲಿಕಾರನಿಗೂ ಪ್ರಾತಿನಿಧ್ಯ ಬೇಕೆಂದು ಆತ ತಂದ ಸುಧಾರಣಾ ಪ್ರಸ್ತಾಪ ಬಿದ್ದುಹೋಯಿತು. 1780ರ ಗಾರ್ಡನ್ ದಂಗೆಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಾವಲಿಗೆ ನಿಂತು ಗುಂಪಿನ ಮೇಲೆ ಗುಂಡು ಹಾರಿಸಿದನು. 1782ರ ಮೇ 3ರಂದು 1769ರ ನಿರ್ಣಯವನ್ನು ಸಭೆಯ ದಫ್ತರದಿಂದ ಹೊಡೆದುಹಾಕಿಸಿದುದು ಆತನ ಕೊನೆಯ ದೊಡ್ಡ ಗೆಲುವು.

ಅದೇ 1782ರ ಮಾರ್ಚ್‌ನಲ್ಲಿ ಕಲ್ಕತ್ತೆಯಲ್ಲಿ ಜೇಮ್ಸ್ ಅಗಸ್ಟಸ್ ಹಿಕ್ಕಿಯ ಅಚ್ಚುಮೊಳೆಗಳನ್ನು ವಶಪಡಿಸಿಕೊಳ್ಳಲಾಯಿತು. ಭಾರತದ ಮೊದಲ ಮುದ್ರಿತ ವೃತ್ತಪತ್ರಿಕೆಯಾದ ಹಿಕ್ಕಿಯ ಗೆಜೆಟ್ 1780ರಲ್ಲಿ ಆರಂಭವಾಗಿತ್ತು. ಹೈದರಾಲಿಯೊಡನೆ ಕಂಪನಿ ಎರಡನೆಯ ಮೈಸೂರು ಯುದ್ಧದಲ್ಲಿ ತೊಡಗಿದ್ದ ಆ ವರ್ಷಗಳಲ್ಲೇ ಹಿಕ್ಕಿಯ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿ ಸೆರೆಗೆ ಕಳಿಸಿದವನು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್. ಜೂನಿಯಸ್ ಎನ್ನಲಾದ ಫ್ರಾನ್ಸಿಸ್ ಅಲ್ಲಿನ ಆಡಳಿತ ಮಂಡಲಿಯಲ್ಲಿದ್ದು ಹೇಸ್ಟಿಂಗ್ಸ್‌ನ ಕಡುವೈರಿಯಾಗಿದ್ದನು. 1787ರಲ್ಲಿ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗದ ಪ್ರಶ್ನೆ ಕಾಮನ್ಸ್ ಸಭೆಯ ಮುಂದಿದ್ದಾಗ ವಿಲ್ಕ್ಸ್ ಎದ್ದು ನಿಂತು ಮಾತಾಡಿದ್ದು ಹೇಸ್ಟಿಂಗ್ಸ್‌ನ ಪರವಾಗಿ. ಮರುದಿನಗಳಲ್ಲಿ ಆ ಚರ್ಚೆಗಳನ್ನು ಪತ್ರಿಕೆಗಳು ಅಡೆತಡೆಯಿಲ್ಲದೆ ಪ್ರಕಟಿಸುವಂಥ ಕಾಲ ಅಷ್ಟರಲ್ಲಿ ಬಂದಿತ್ತು.

1790ರ ಚುನಾವಣೆಯಲ್ಲಿ ಮಿಡ್ಲ್‌ಸೆಕ್ಸ್ ಮತದಾರರ ಬೆಂಬಲವಿಲ್ಲವೆಂದು ಕಂಡು ಸ್ಪರ್ಧೆಯಿಂದ ಹಿಂದೆ ಸರಿದನು. 1797ರ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ತೀರಿಕೊಂಡಾಗ, ಉಯಿಲಿನಲ್ಲಿ ಹಂಚಿಕೊಟ್ಟಷ್ಟು ಆಸ್ತಿ ಆತನ ಹೆಸರಿನಲ್ಲಿ ಇರಲಿಲ್ಲ.